ರಿಜಿಸ್ಟರಿನ ಹೊಟ್ಟೆನೋವು

ಏಪ್ರಿಲ್ ೧೦, ಗುರುವಾರ. ಬೆಳಗಿನ ಪಾಳಿ

ಬಿಪಿ ನೋಡಿದೆ. ಡ್ರಿಪ್ ಬದಲಿಸಿದೆ. ಮೂರನೇ ಬೆಡ್ — ಸ್ವಾತಿ, ಗುತ್ತೂರಿನವಳು, ಹದಿನೇಳು ವರ್ಷ. ಮೊನ್ನೆ ಪಿಯು ರಿಸಲ್ಟ್ ಬಂತು, ಎರಡು ಸಬ್ಜೆಕ್ಟ್ ಹೋಗಿವೆ. ಸಾಯಲು ಹೊರಟಿದ್ದಳು. ಉಳಿದಳು... ಸದ್ಯ.

ಅಪ್ಪ ತಿಪ್ಪೇರುದ್ರಪ್ಪ ಫ್ಯಾಕ್ಟರಿ ಯೂನಿಫಾರ್ಮಿನಲ್ಲೇ ಓಡಿಬಂದಿದ್ದ. ಕೈಮುಗಿದ. "ಸಿಸ್ಟರ್ರೇ, ಹೊಟ್ಟೆನೋವು ಅಂತ ಬರ್ಕೊಳ್ರಿ. ಪೊಲೀಸ್ ಕೇಸ್ ಬ್ಯಾಡ. ನಾಳೆ ಹುಡುಗಿನ್ನ ಯಾರು ಮಾಡ್ಕೋತಾರ?"

ಹೊಟ್ಟೆನೋವು! ನಮ್ಮ ರಿಜಿಸ್ಟರಿನಲ್ಲಿ ಹರೆಯದವರಿಗೆಲ್ಲ ಅದೊಂದೇ ಕಾಯಿಲೆ. ಹರಿಹರಕ್ಕೆಲ್ಲ ಒಂದೇ ಹೊಟ್ಟೆ ಇದ್ದಂತೆ.

ಅದೇ ದಿನ, ಮಧ್ಯಾಹ್ನ ೩

ಡಾಕ್ಟರೂ ಅದನ್ನೇ ಅಂದರು. "ಬರ್ದುಬಿಡ್ರಿ ರುಮಾನಾ. ನಮಗ್ಯಾಕ ತಲೆನೋವು?"

ಹೊಟ್ಟೆನೋವು ಎಂದರೆ ಗ್ಯಾಸಿನ ಮಾತ್ರೆ, ನಾಳೆ ಡಿಸ್ಚಾರ್ಜ್. ನಿಜ ಬರೆದರೆ, ಮಂಗಳವಾರ ದಾವಣಗೆರೆಯಿಂದ ಬರುವ ಕೌನ್ಸೆಲರ್ ಪಟ್ಟಿಯಲ್ಲಿ ಅವಳ ಹೆಸರು. ಸಾಯಲು ಹೊರಟವರನ್ನು ಶಿಕ್ಷಿಸಬಾರದು, ಆರೈಕೆ ಮಾಡಬೇಕು ಅಂತ ಕಾನೂನು ಬಂದು ವರ್ಷಗಳಾದವು. ದಿಲ್ಲಿಯಿಂದ ಪ್ಯಾಸೆಂಜರ್ ರೈಲು ಹತ್ತಿದೆಯೇನೋ, ಇನ್ನೂ ನಮ್ಮ ವಾರ್ಡಿಗೆ ಮುಟ್ಟಿಲ್ಲ.

ನಿಜವನ್ನೇ ಬರೆದೆ. ದಪ್ಪಗೆ.

ತಿಪ್ಪೇರುದ್ರಪ್ಪ ಕೂಗಾಡಿದ. "ನಿಮ್ ಮನ್ಯಾಗ ಆಗಿದ್ರೆ ಗೊತ್ತಾಗ್ತಿತ್ತು!"

ಏಪ್ರಿಲ್ ೧೧

ಡಾಕ್ಟರು ಮಾತು ಬಿಟ್ಟಿದ್ದಾರೆ. ಬಿಡಲಿ.

ನಮ್ಮ ಮನೆಯಲ್ಲೂ ಆಗಿದೆ. ಒಂಬತ್ತು ವರ್ಷದ ಹಿಂದೆ. ತಮ್ಮ ನೌಮಾನ್, ಆಗ ಹತ್ತೊಂಬತ್ತು. ಮೊದಲ ಸಲ ಅಡ್ಮಿಟ್ ಆದಾಗ ಹೊಟ್ಟೆನೋವು ಎಂದು ಬರೆಸಿದ್ದು ನಾನೇ. ನನ್ನ ನಿಕಾಹ್ ನಿಶ್ಚಯವಾಗಿತ್ತಲ್ಲ, ಸುದ್ದಿ ಹೊರಬೀಳಬಾರದಿತ್ತು... ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಯಾರೂ ಏನೂ ಕೇಳಲಿಲ್ಲ. ಮೂರು ತಿಂಗಳಿಗೆ ಅವನಿಲ್ಲ. ಆಗಲೂ ಅದೇ ಪದ ಬರೆಸಿದೆ. ಇನ್ನು ಈ ಕೈ ಆ ಪದ ಬರೆಯುವುದಿಲ್ಲ.

ಏಪ್ರಿಲ್ ೧೫, ಮಂಗಳವಾರ

ಡಿಸ್ಚಾರ್ಜ್ ಆಗಿ ಹೋದವರು ಕೌನ್ಸೆಲರ್ ಹತ್ತಿರ ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು, ಅಪ್ಪ ಮಗಳು ಇಬ್ಬರೂ!

"ಪೊಲೀಸ್ನೋರು ಬಂದ್ರು, ಕೇಳ್ಕೊಂಡ್ರು, ಹೋದ್ರು. ಇಷ್ಟಕ್ಕ ಹೆದರಿದ್ನಲ್ರಿ," ಅಂದ ತಿಪ್ಪೇರುದ್ರಪ್ಪ. ಮುಂದಿನ ವರ್ಷವಲ್ಲ, ಇದೇ ತಿಂಗಳು ಮತ್ತೆ ಪರೀಕ್ಷೆ ಕಟ್ಟಬಹುದಂತೆ, ವಿಚಾರಿಸಿಕೊಂಡೂ ಬಂದಿದ್ದಾನೆ.

ಕೌನ್ಸೆಲರ್ ಕೋಣೆಯ ಹೊರಗೆ ಕ್ಯೂ. ಸ್ವಾತಿ ಕೇಳಿದಳು, "ಸಿಸ್ಟರ್, ನೌಮಾನ್ ಯಾರ್ರಿ? ಡ್ರಿಪ್ ಹಾಕುವಾಗ ನನ್ನ ಹಂಗಂತ ಕರೆದ್ರಿ."

"ನನ್ ತಮ್ಮ. ತೀರ್ಕೊಂಡ."

"ಏನಾಗಿತ್ರಿ?"

ನಾಲಿಗೆಗೆ ಬಂದದ್ದು ಅದೇ ಹಾಳು ಪದ. ಒಂಬತ್ತು ವರ್ಷದ ರೂಢಿ. ನುಂಗಿದೆ. ಕ್ಯೂ ಪೂರ್ತಿ ನೋಡುತ್ತಿತ್ತು, ನೋಡಲಿ. ಜೋರಾಗಿಯೇ ಹೇಳಿದೆ — ನನ್ನ ತಮ್ಮನಿಗೆ ಹೊಟ್ಟೆನೋವಿರಲಿಲ್ಲ. ಅವನಿಗೆ ಬದುಕು ಬೇಡವಾಗಿತ್ತು, ಅದನ್ನು ಮುಚ್ಚಿಟ್ಟವಳು ನಾನೇ.