ಗಾಡಿಯಡಿಯ ಕೆಂಪು ಕಲೆ

ಮೇ 4, 2024, ಶನಿವಾರ

ಇಂಜಿನ್ ಆಯಿಲ್ ಬದಲಿಸಿದ್ದಾಯಿತು. ಫಿಲ್ಟರ್ ಬಿಚ್ಚಲು ಅರ್ಧ ದಿನ — ಹಿಂದಿನ ಓನರ್ ಭೀಮನ ವಂಶದವನಿರಬೇಕು. ಮೊನ್ನೆ ಕೊಂಡದ್ದು, ಇಪ್ಪತ್ತು ವರ್ಷ ಹಳೆಯ ಫೋರ್ ವೀಲ್ ಡ್ರೈವ್. ನಾವಿರುವ ಈ ಏಪೆಕ್ಸ್ ಊರಿನಲ್ಲಿ ಎಲ್ಲರಿಗೂ ಎಲೆಕ್ಟ್ರಿಕ್ ಕಾರು, ನನಗೆ ಈ ಮುದುಕ.

ರಿಪೇರಿ ಕಲಿಸುವ ವಿಡಿಯೋದವನು ಹೇಳಿದ ಮೊದಲ ಕೆಲಸ: ರಾತ್ರಿಯಿಡೀ ಗಾಡಿಯ ಕೆಳಗೆ ರಟ್ಟು ಹಾಸಿಟ್ಟು, ಎಲ್ಲಿ ಏನು ಸೋರುತ್ತದೆ ನೋಡಿ. ನಾನದನ್ನು ಮಾಡದೆ ಬಿಟ್ಟೆ. ಹಳೆಯದಾದ ಮಾತ್ರಕ್ಕೆ ಸೋರಲೇಬೇಕಾ?

ಸಂಜೆ ಪೂಜೆ. ಹೆಂಡತಿ ರಚನಾಳ ಅಮ್ಮ ಧಾರವಾಡದಿಂದ ಬಂದು ತಿಂಗಳಾಯಿತು. ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ಆರತಿ ನೀರು ಮಾಡಿದರು. ಗಾಡಿಗೆ ದೃಷ್ಟಿ ತೆಗೆದು ಚೆಲ್ಲಿದರು. ಚಕ್ರಕ್ಕೆ ನಿಂಬೆಹಣ್ಣು. ಖುಷಿಯೋ ಖುಷಿ.

ಮೇ 5

ಬೆಳಿಗ್ಗೆ ನೋಡಿದರೆ ಗಾಡಿಯ ಕೆಳಗೆ ಕೆಂಪು ಕಲೆ. ಹೋದ ತಿಂಗಳಷ್ಟೇ ಪ್ರೆಷರ್ ವಾಷ್ ಮಾಡಿಸಿದ, ಮನೆ ಮುಂದಿನ ಕಾಂಕ್ರೀಟ್ ಡ್ರೈವ್‌ವೇ! ತಲೆ ಕೆಟ್ಟಿತು.

"ಏನತ್ತೆ, ಎಲ್ಲೆಂದರಲ್ಲಿ ಚೆಲ್ಲೋದಾ?"

"ನಾ ಅಂಗಳದ ತುದೀಗೆ ಹಾಕೀನ್ರಿ. ಗಾಡಿ ಬುಡಕ ಹಾಕಿಲ್ಲ."

"ಮತ್ತೆ ದೇವರೇ ಬಂದು ಹಾಕಿದ್ನಾ?"

ಅತ್ತೆ ಒಳಗೆ ಹೋದರು. ಮಧ್ಯಾಹ್ನ ಊಟಕ್ಕೆ ಫ್ರೆಂಡ್ ಮುರಳೀಧರನ ಮನೆಯವರು ಬಂದಾಗ ಅದನ್ನೇ ಜೋಕ್ ಮಾಡಿದೆ. "ನಮ್ಮತ್ತೆ ಕಾಂಕ್ರೀಟಿಗೂ ಕುಂಕುಮ ಇಟ್ಬಿಟ್ಟಿದಾರೆ ಕಣೋ." ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಆಮೇಲೆ ನೋಡಿದರೆ ಬಿಸಿಲಲ್ಲಿ, ಮಂಡಿಯೂರಿ, ಹಳೇ ಬ್ರಷ್ ಹಿಡಿದು ಉಜ್ಜುತ್ತಿದ್ದಾರೆ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಮೇ 11

ಬ್ರೇಕ್ ಫ್ಲೂಯಿಡ್ ಬದಲಿಸುತ್ತಿದ್ದೇನೆ. ಅರ್ಧ ಆಗಿದೆ. ಕಲೆ ಹಾಗೇ ಇದೆ — ಅತ್ತೆ ಸರಿಯಾಗಿ ಉಜ್ಜಿಲ್ಲ.

ಅವರೀಗ ವಾಕಿಂಗ್‌ಗೆ ಹಿಂಬಾಗಿಲಿನಿಂದ ಹೋಗುತ್ತಾರೆ. ಮುಂಬಾಗಿಲಿಗೆ ರಂಗೋಲಿಯೂ ಇಲ್ಲ. ಗೈದರ್ಸ್‌ಬರ್ಗ್‌ಗೆ, ಚಿಕ್ಕ ಮಗಳು ಅಕ್ಷಯಾ ಮನೆಗೆ, ಹೋಗುತ್ತಾರಂತೆ. ವೀಸಾ ಮುಗಿಯುವವರೆಗೂ ಇಲ್ಲೇ ಇರಬೇಕಿತ್ತು.

"ಆ ಜೋಕ್ ಬಿಟ್ಟು ಅವ್ವಗ ಮತ್ತೇನರ ಅಂದಿಯೇನು?" ರಚನಾ ಕೇಳಿದಳು.

ಇಲ್ಲ ಎಂದೆ.

ಬ್ರೇಕ್ ಫ್ಲೂಯಿಡ್ ತೊಟ್ಟಿಕ್ಕಿ ಡ್ರೈವ್‌ವೇ ಇನ್ನಷ್ಟು ಹಾಳಾದೀತೆಂದು ಕೆಳಗೆ ರಟ್ಟು ಹಾಸಿ ಬಂದೆ.

ಮೇ 12, ಬೆಳಿಗ್ಗೆ

ರಟ್ಟಿನ ಮೇಲೆ ಕೆಂಪು.

ಮುಟ್ಟಿದೆ. ಜಿಡ್ಡು. ಪವರ್ ಸ್ಟೀರಿಂಗ್ ಆಯಿಲ್ — ಅದೂ ಕೆಂಪೇ. ಅದರ ರಬ್ಬರ್ ಹೋಸ್ ಬಿರುಕು ಬಿಟ್ಟಿದೆ. ಮೊದಲ ದಿನವೇ ರಟ್ಟು ಹಾಸಿದ್ದರೆ...

ಥೂ ನನ್ನ ಜನ್ಮಕ್ಕೆ. ಆ ತಾಯಿ ಮಂಡಿಯೂರಿ ಉಜ್ಜಿದ್ದು ನನ್ನ ಗಾಡಿಯ ಎಣ್ಣೆ.

ರಿಪೇರಿ ನೆಪದಲ್ಲಿ ಗಾಡಿಯ ಕೆಳಗೇ ಬಿದ್ದುಕೊಂಡಿದ್ದೆ. ಮುಖ ತೋರಿಸಲು ನಾಚಿಕೆ. ಅತ್ತೆಯ ಚಪ್ಪಲಿ ಕಂಡಿತು. "ಚಾ ತಂದೀನ್ರಿ." ಲೋಟದ ಕೆಳಗೊಂದು ಪೇಪರ್ ಟವೆಲ್ ಹಾಸಿ ಇಟ್ಟರು, ನೆಲಕ್ಕೆ ಗುರುತು ಬೀಳದ ಹಾಗೆ.

ಆಗಲೇ ಹೇಳಬೇಕಿತ್ತು. "ಥ್ಯಾಂಕ್ಸ್ ಅತ್ತೆ" ಎಂದೆ, ಅಷ್ಟೇ. ರಟ್ಟನ್ನು ಮಡಚಿ ರೀಸೈಕ್ಲಿಂಗ್ ಡಬ್ಬದ ತಳಕ್ಕೆ ತುರುಕಿದೆ. ಕಳ್ಳನ ಹಾಗೆ.

ಮೇ 17

ಹೊಸ ಹೋಸ್ ಹಾಕಿದ ಮೇಲೆ ಒಂದು ಹನಿಯೂ ಇಲ್ಲ. ನಾನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಸಂಜೆ ಮುರಳೀಧರ ಬಂದಿದ್ದ. ಅತ್ತೆಯನ್ನು ಕಂಡವನೇ, "ಏನ್ ಆಂಟಿ, ಇವತ್ತೂ ಕುಂಕುಮ ಇಟ್ರಾ?"

ನಾನು ನಕ್ಕೆ. ಗೊತ್ತಿದ್ದೂ ನಕ್ಕೆ. ಅತ್ತೆ ಈ ಸಲ ನಗಲಿಲ್ಲ.

ಮೇ 18, ಬೆಳಿಗ್ಗೆ

ಬ್ಯಾಗ್‌ಗಳು ಗಾಡಿಯಲ್ಲಿವೆ. ಅತ್ತೆಯನ್ನು ಗೈದರ್ಸ್‌ಬರ್ಗ್‌ಗೆ ಬಿಟ್ಟು ಬರುವುದು ನಾನೇ, ಇದೇ ಗಾಡಿಯಲ್ಲಿ. ಡ್ರೈವರ್ ಸೀಟಿನಲ್ಲಿ ಕುಳಿತು ಗೀಚುತ್ತಿದ್ದೇನೆ. ಬಾಗಿಲಲ್ಲಿ ಅಮ್ಮ-ಮಗಳ ಮಾತು ಕೇಳಿಸುತ್ತಿದೆ.

"ಅವ್ವಾ, ಹೊರಡೂ ಮುಂದ ಗಾಡಿಗೆ ಒಂದ್ ಆರತಿ ಮಾಡಿಬಿಡು."

"ಬ್ಯಾಡವಾ. ಅವರ ಅಂಗಳ ಹೊಲಸ ಆಗತೈತಿ."

ಅವರ ಅಂಗಳ.

ರಚನಾಳ ಎದುರೇ ಹೇಳಬೇಕು. ಮುರಳೀಧರನಿಗೂ ಫೋನ್ ಮಾಡಿ ಹೇಳಬೇಕು. ಮಾತು ಇಷ್ಟೇ — ಅತ್ತೆ, ಆ ಕಲೆ ನಿಮ್ಮದಲ್ಲ, ನನ್ನದು. ಇಷ್ಟು ಹೇಳಲು ನಾಲಿಗೆಗೇನು ದಾಡಿ?

ಅತ್ತೆ ಬಂದರು. ಚಪ್ಪಲಿ ಕೈಯಲ್ಲಿ. ಡ್ರೈವ್‌ವೇ ಬಿಟ್ಟು, ಒದ್ದೆ ಹುಲ್ಲಿನ ಮೇಲೆ ಸುತ್ತು ಹಾಕಿಕೊಂಡು ಬರುತ್ತಿದ್ದಾರೆ. ಇಳಿಯಬೇಕು. ಈಗಲೇ—