‘ದಿ.’ ಎಂದರೆ ದಿನಾಂಕ ಮಾತ್ರವಲ್ಲ

ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಮುಕ್ತ ತಂತ್ರಾಂಶದ ನಿರ್ವಾಹಕರಿಗೆ

ಮಾನ್ಯರೇ,

ಜೂನ್ ಎರಡರಂದು ನೀವು ನನ್ನ ತಿದ್ದುಪಡಿಯನ್ನು ಓದದೆಯೇ ಮುಚ್ಚಿದಿರಿ. ‘ನೀವು’ ಎನ್ನುವುದೂ ಪೂರ್ತಿ ಸರಿಯಲ್ಲ. ನೀವು ನೇಮಿಸಿದ ಬಾಟ್, ಅಂದರೆ ತಾನಾಗಿ ನಡೆಯುವ ಒಂದು ಪ್ರೋಗ್ರಾಮು, ಮುಚ್ಚಿತು. ಅರವತ್ತು ದಿನಗಳಿಂದ ಯಾವ ಚಟುವಟಿಕೆಯೂ ಕಾಣದ ಕಾರಣ ಈ ಕೋರಿಕೆಯನ್ನು ಮುಕ್ತಾಯಗೊಳಿಸಲಾಗಿದೆ, ನಿಮ್ಮ ಕೊಡುಗೆಗೆ ಧನ್ಯವಾದಗಳು ಎಂದು ಬರೆದು, ಒಂದು ನಗುಮುಖವನ್ನೂ ಅಂಟಿಸಿ, ಪುಟಕ್ಕೆ ಬೀಗ ಹಾಕಿತು. ಆ ಬೀಗದಿಂದಾಗಿ ಅಲ್ಲಿ ಉತ್ತರ ಬರೆಯಲಾಗುತ್ತಿಲ್ಲ. ಆದ್ದರಿಂದ ನಮ್ಮ ಸಂಘದ ಮಾಸಪತ್ರಿಕೆಯ ಮೂಲಕ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ಹೆಸರು ನನಗೆ ತಿಳಿಯದು. ಹೆಸರಿರಬೇಕಾದ ಜಾಗದಲ್ಲಿ ಒಂದು ಗುಡ್ಡದ ಚಿತ್ರವಿದೆ. ಗುಡ್ಡಕ್ಕೆ ಕನ್ನಡ ಬರುತ್ತದೆ ಎಂದು ನಂಬಿದ್ದೇನೆ.

ದೂರು ಒಂದೇ ಅಕ್ಷರದ್ದು. ಕನ್ನಡದಲ್ಲಿ ‘ದಿ.’ ಎಂದು ಬರೆದರೆ ದಿನಾಂಕ ಎಂದೂ ಆಗುತ್ತದೆ, ದಿವಂಗತ ಎಂದೂ ಆಗುತ್ತದೆ. ಮುಂದಿರುವುದು ತಾರೀಖೋ ಮನುಷ್ಯರ ಹೆಸರೋ ಎಂದು ನೋಡಿ ಓದುವವರು ತಾವೇ ತಿಳಿದುಕೊಳ್ಳುತ್ತಾರೆ. ನಿಮ್ಮ ತಂತ್ರಾಂಶ ಮಾತ್ರ ಎಲ್ಲ ಕಡೆಯೂ ‘ದಿನಾಂಕ’ ಎಂದೇ ಓದುತ್ತದೆ. ಕವಿತೆ ಓದುವ ಚಟವಿರುವ ನನಗೆ ಒಂದು ಚುಕ್ಕೆ ಎಷ್ಟು ಭಾರ ಹೊರಬಲ್ಲದು ಎಂಬುದು ಗೊತ್ತಿತ್ತು. ನನ್ನ ಮನೆಯ ಭಾರವನ್ನೇ ಹೊತ್ತೀತು ಎಂದು ಗೊತ್ತಿರಲಿಲ್ಲ.

ನಮ್ಮ ಅತ್ತೆ ರಾಚವ್ವನವರಿಗೆ ಎಂಟು ವರ್ಷದಿಂದ ಕಣ್ಣು ಕಾಣಿಸುವುದಿಲ್ಲ. ದಾದರಿನ ನಮ್ಮ ಕನ್ನಡ ಸಂಘದ ಪತ್ರಿಕೆ ಬಂದ ದಿನ ನನ್ನ ಗಂಡ ಶಶಿಕಾಂತ ಅದನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಅವರಿಗೆ ಓದಿ ಹೇಳುತ್ತಿದ್ದರು. ಮೂರು ವರ್ಷದ ಹಿಂದೆ ಶಶಿಕಾಂತ ತೀರಿಕೊಂಡರು. ಮುಂದಿನ ಸಂಚಿಕೆಯನ್ನು ಓದಲು ನಾನು ಕುಳಿತೆ. ಸಂಘದವರು ಶ್ರದ್ಧಾಂಜಲಿ ಬರೆದಿದ್ದರು. ನಮ್ಮ ಮನೆಯಲ್ಲಿ ಅಚ್ಚು ಹಾಕಿಸಿದ್ದರೆ ‘ಲಿಂ.’ ಎಂದಿರುತ್ತಿತ್ತು, ಲಿಂಗೈಕ್ಯ ಎಂದು. ಸಂಘ ಎಲ್ಲ ಜಾತಿಯವರಿಗೂ ‘ದಿ.’ ಎಂದೇ ಹಾಕುತ್ತದೆ. ಆ ಅಕ್ಷರದ ಹತ್ತಿರ ನನ್ನ ಗಂಟಲು ನಿಂತಿತು. ಎರಡು ಸಲ ಪ್ರಯತ್ನಿಸಿದೆ. ಅತ್ತೆ ಕೈ ಚಾಚಿ ನನ್ನ ಮೊಣಕಾಲು ಹುಡುಕಿ ಹೇಳಿದರು: “ಬಿಡವಾ. ಮೊಬೈಲಿಗೆ ಗಂಟಲ ಇಲ್ಲ, ಅದ ಓದಲಿ.”

ಹೀಗೆ ನಿಮ್ಮ ತಂತ್ರಾಂಶ ನಮ್ಮ ಮನೆಗೆ ಬಂತು. ಮುಲುಂಡಿನ ನಮ್ಮ ಎರಡು ಕೋಣೆಯಲ್ಲಿ ಇಡೀ ದಿನ ಕನ್ನಡ ಮಾತಾಡುವುದು ಈಗ ಅದೊಂದೇ. ನಾನು ಬೆಳಗಿನ ಲೋಕಲ್ ರೈಲು ಹಿಡಿದು ದಾದರಿನ ಆಫೀಸಿಗೆ ಹೋದರೆ ಬರುವುದು ಸಂಜೆ. ಹೋದಾಗಲೂ ಬಂದಾಗಲೂ ಅತ್ತೆ ಅದರ ಎದುರಿಗೇ ಕುಳಿತಿರುತ್ತಾರೆ. ಅದು ಹವಾಮಾನ ವರದಿಯನ್ನೂ ಸಾವನ್ನೂ ಒಂದೇ ದನಿಯಲ್ಲಿ ಹೇಳುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೊದಲು ‘ದಿ.’ ಬಂದರೆ ಬರೀ ‘ದಿ’ ಎನ್ನುತ್ತಿದ್ದದ್ದು ಹೋದ ವರ್ಷದ ಕೊನೆಯ ಆವೃತ್ತಿಯಿಂದ ‘ದಿನಾಂಕ’ ಎನ್ನತೊಡಗಿತು. ಕಳೆದ ಜನವರಿಯಲ್ಲಿ ಸಂಘ ನನ್ನ ಗಂಡನ ನೆನಪಿನಲ್ಲಿ ಕವಿತಾವಾಚನ ಏರ್ಪಡಿಸಿದಾಗ, ಪತ್ರಿಕೆಯಲ್ಲಿದ್ದ ‘ದಿ. ಶಶಿಕಾಂತ’ ಎಂಬುದನ್ನು ಅದು ‘ದಿನಾಂಕ ಶಶಿಕಾಂತ’ ಎಂದು ಓದಿತು. ನಾನು ಚಹಾ ಸೋಸುತ್ತಿದ್ದೆ.

“ಮಾಧುರಿ,” ಅತ್ತೆ ಕೇಳಿದರು, “ನಮ್ಮ ಶಶಿ ಯಾವ ತಾರೀಖಿನ್ಯಾಗ ಅದಾನವಾ?”

ಚಹಾ ಲೋಟವನ್ನು ಅವರ ಕೈಗಿಟ್ಟೆ.

ಸಂಜೆ ಗ್ರಾಂಟ್ ರೋಡಿನಿಂದ ನೀಲಕಂಠಪ್ಪನವರ ಫೋನು ಬಂತು. ಸಂಘದ ಹಳೆಯ ಸದಸ್ಯರು, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಮೂವತ್ತು ವರ್ಷ ಕುಳಿತು ನಿವೃತ್ತರಾದವರು. ಅವರ ಕಣ್ಣೂ ಮಂಜಾಗಿ, ಅವರೂ ನಿಮ್ಮ ತಂತ್ರಾಂಶದಿಂದಲೇ ಪತ್ರಿಕೆ ಕೇಳುತ್ತಾರೆ. ಪತ್ರಿಕೆ ಬಂದ ದಿನ ಅವರೂ ಅತ್ತೆಯೂ ಅದರ ಮೇಲೆ ಮಾತಾಡಲೇಬೇಕು. ಅತ್ತೆ ತಮ್ಮ ಕಥೆ ಹೇಳಿದಾಗ ಅವರು ಆ ಕಡೆಯಿಂದ ನಕ್ಕರು: “ನಮ್ಮ ಭಾಗವ್ವನೂ ತಾರೀಖ ಆಗ್ಯಾಳ್ರೀ ಅಕ್ಕಾ. ಹೋದ ವರ್ಷದಿಂದ.” ಭಾಗವ್ವ ಅವರ ತೀರಿಕೊಂಡ ಹೆಂಡತಿ.

ನನ್ನ ಮಗಳು ಸ್ನೇಹಲ್ ಪುಣೆಯಿಂದ ಪರಿಹಾರ ಹೇಳಿದಳು: “ಮಮ್ಮಿ, ಆಯಿಗೆ ಹಿಂದಿ ವಾಯ್ಸ್ ಹಾಕ್ ದೋ ನಾ, ಟೆನ್ಶನ್ ಖತಮ್.” ಅತ್ತೆ ಫೋನಿನ ಕಡೆ ಬಾಗಿ, “ಹೂಂ, ಹಿಂದಿ ಒಳಗ ಸಂಘದ ಪತ್ರಿಕೆ ನೀ ಬರಿ, ನಾ ಕೇಳ್ತೀನಿ” ಎಂದರು.

ನಿಮ್ಮ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಆಹ್ವಾನವಿದೆ: ಇದು ಎಲ್ಲರ ತಂತ್ರಾಂಶ, ತಪ್ಪು ಕಂಡರೆ ತಿದ್ದಿ ಕಳಿಸಿ, ಹೊಸಬರಿಗೆ ಸ್ವಾಗತ. ನಾನು ಗಣಿತದ ಎಂ.ಎಸ್ಸಿ., ಆಫೀಸಿನಲ್ಲಿ ಹಳೆಯ ಪ್ರೋಗ್ರಾಮುಗಳನ್ನು ರಿಪೇರಿ ಮಾಡಿಯೇ ಕೂದಲು ಹಣ್ಣಾದವಳು. ಹಾಗಾಗಿ ಸ್ವಾಗತವನ್ನು ನಂಬಿದೆ. ಒಂದು ಭಾನುವಾರ ಕುಳಿತು ನಿಯಮ ಬರೆದೆ: ಮುಂದೆ ಅಂಕಿ ಇದ್ದರೆ ದಿನಾಂಕ, ಅಕ್ಷರ ಇದ್ದರೆ ದಿವಂಗತ. ಅತ್ತೆಯ ಮೊಬೈಲಿಗೆ ಹಾಕಿ ಪರೀಕ್ಷಿಸಿದೆ. ಪತ್ರಿಕೆಯಲ್ಲಿ ‘ದಿ. ಜನವರಿ 26ರಂದು ಧ್ವಜಾರೋಹಣ’ ಎಂದಿತ್ತು. ಅದು ಗಂಭೀರವಾಗಿ ‘ದಿವಂಗತ ಜನವರಿ’ ಎಂದಿತು.

“ಜನವರಿ ಯಾವಾಗ ತೀರಿಕೊಂಡಿತವಾ?” ಅತ್ತೆ ಕೇಳಿದರು. “ಹೇಳಿದ್ರ ಮಣ್ಣಿಗಾದ್ರೂ ಹೋಗಿ ಬರ್ತಿದ್ವಿ.”

ಮೂರು ವರ್ಷದಲ್ಲಿ ಈ ಮನೆಯಲ್ಲಿ ನಾವಿಬ್ಬರೂ ಕೂಡಿ ಹಾಗೆ ನಕ್ಕಿದ್ದು ಅದೇ ಮೊದಲು. ನಕ್ಕು ಮುಗಿದ ಮೇಲೆ ಹನ್ನೆರಡು ತಿಂಗಳ ಹೆಸರು, ಏಳು ವಾರದ ಹೆಸರು ಸೇರಿಸಿದೆ. ಒಟ್ಟು ಇಪ್ಪತ್ತಮೂರು ಸಾಲು. ಮಾರ್ಚಿನಲ್ಲಿ ನಿಮಗೆ ಕಳಿಸಿದೆ.

ಏಪ್ರಿಲ್ ಮೂರಕ್ಕೆ ನಿಮ್ಮಿಂದ ಒಂದು ಸಾಲು ಬಂತು: “ಇದು ಎಷ್ಟು ಸಲ ಎದುರಾಗುತ್ತದೆ? ಅಂಕಿಅಂಶ ಕೊಡಿ.” ನ್ಯಾಯವಾದ ಪ್ರಶ್ನೆ. ಎಣಿಸಿ ಕೊಡುತ್ತೇನೆ ಎಂದು ಅಂದೇ ಬರೆದೆ. ನನ್ನ ನಿಯಮ ಸರಿಯೇ ಎಂದು ತಿಳಿಯಲು ಆ ನಿಯಮದಿಂದಲೇ ಎಣಿಸಲಾಗದು, ಕಣ್ಣಿನಿಂದಲೇ ಎಣಿಸಬೇಕು. ನಾಲ್ಕು ವರ್ಷದ ನಲವತ್ತೆಂಟು ಸಂಚಿಕೆಗಳನ್ನು ಲೋಕಲಿನಲ್ಲಿ, ಸೀಟು ಸಿಕ್ಕ ದಿನ ಕುಳಿತು, ಸಿಗದ ದಿನ ಬಾಗಿಲ ಪಕ್ಕದ ಕಂಬಕ್ಕೆ ಒರಗಿ, ಪೆನ್ಸಿಲಿನಿಂದ ಗುರುತು ಹಾಕುತ್ತಾ ಓದಿದೆ. ಒಟ್ಟು 611 ‘ದಿ.’ಗಳು. 402 ದಿನಾಂಕಗಳು. 209 ಜನ. ಮೊದಲ ವರ್ಷ 31 ಇದ್ದ ಜನ ಕೊನೆಯ ವರ್ಷ 84 ಆಗಿದ್ದಾರೆ. ಈ ನಗರದಲ್ಲಿ ಕನ್ನಡ ಓದುವವರು ಯಾವ ಕಡೆಗೆ ಹೋಗುತ್ತಿದ್ದಾರೆ ಎಂಬುದಕ್ಕೆ ಇದಕ್ಕಿಂತ ಚೊಕ್ಕವಾದ ಅಂಕಿಅಂಶ ನನ್ನಲ್ಲಿಲ್ಲ. ಅವರಲ್ಲಿ ಅನೇಕರ ಕವಿತೆಗಳನ್ನು ಹಿಂದಿನ ಸಂಚಿಕೆಗಳಲ್ಲಿ ಚುಕ್ಕೆಯಿಲ್ಲದ ಹೆಸರಿನಡಿ ಓದಿದ್ದೆ. ಕುರ್ಲಾ ಬರುವ ಹೊತ್ತಿಗೆ ಹಲವು ಸಲ ಪೆನ್ಸಿಲು ಕೆಳಗಿಟ್ಟಿದ್ದೇನೆ.

ಎಣಿಕೆ ಮುಗಿದದ್ದು ಅರವತ್ತೊಂದನೆಯ ದಿನ. ಪುಟ ತೆರೆದರೆ ಬೀಗ, ನಗುಮುಖ.

ಹೇಳಿ ಮಾನ್ಯರೇ, ಚಟುವಟಿಕೆ ಎಂದರೆ ಯಾವುದು? ಎಣಿಸುತ್ತಿದ್ದೇನೆ, ಇನ್ನೂ ಎಣಿಸುತ್ತಿದ್ದೇನೆ ಎಂದು ವಾರಕ್ಕೊಮ್ಮೆ ಬರೆದಿದ್ದರೆ ನಿಮ್ಮ ಬಾಟ್ ನಾನು ಜೀವಂತ ಎಂದು ಒಪ್ಪುತ್ತಿತ್ತೆ? ಕೆಲಸ ಕೊಟ್ಟವರು ನೀವು; ಆ ಕೆಲಸದಲ್ಲಿ ಮುಳುಗಿದ್ದವಳನ್ನು ಇಲ್ಲವೆಂದು ತೀರ್ಮಾನಿಸಿದ್ದೂ ನಿಮ್ಮದೇ ವ್ಯವಸ್ಥೆ. ನೀವು ಸಂಬಳವಿಲ್ಲದೆ ದುಡಿಯುವವರು, ಬಿಡುವಿಲ್ಲದವರು ಎಂದು ಬಲ್ಲೆ. ಬಹುಶಃ ನೀವೂ ಎಲ್ಲೋ ಒಬ್ಬರೇ ಕುಳಿತು, ಬರುವ ಕೋರಿಕೆಗಳಿಗೆ ಹೆದರಿಯೇ ಆ ಬಾಟನ್ನು ಬಾಗಿಲಲ್ಲಿ ನಿಲ್ಲಿಸಿದಿರೇನೋ. ಹಾಗಿದ್ದರೆ ಒಂದು ಸಾಲು ಹಾಗೆಂದು ಬರೆಯಬಹುದಿತ್ತು. ನನಗೆ ಓದಲು ಬರುತ್ತದೆ.

ಬೇಕಾದರೆ ನಿಮ್ಮ ಪ್ರತಿಯನ್ನು ನೀವೇ ತಿದ್ದಿಕೊಳ್ಳಿ ಎಂದು ನಿಮ್ಮ ನಿಯಮಾವಳಿ ಉದಾರವಾಗಿ ಹೇಳುತ್ತದೆ. ತಿದ್ದಿಕೊಂಡಿದ್ದೇನೆ. ಆದರೆ ನಿಮ್ಮ ಪ್ರತಿಯೊಂದು ಹೊಸ ಆವೃತ್ತಿಯೂ ನನ್ನ ಇಪ್ಪತ್ತಮೂರು ಸಾಲನ್ನು ಅಳಿಸುತ್ತದೆ. ಮರುದಿನ ಬೆಳಿಗ್ಗೆ ನನ್ನ ಗಂಡ ಮತ್ತೆ ತಾರೀಖಾಗಿರುತ್ತಾರೆ. ಗ್ರಾಂಟ್ ರೋಡಿನ ಭಾಗವ್ವನಂತೂ ಒಂದು ದಿನವೂ ಮನುಷ್ಯಳಾಗಿಲ್ಲ. ಮುಂದಿನ ಆವೃತ್ತಿ ಈ ತಿಂಗಳ ಕೊನೆಗೆ ಬರುತ್ತದೆ ಎಂದು ಘೋಷಿಸಿದ್ದೀರಿ. ಜುಲೈ ಸಂಚಿಕೆಯಲ್ಲಿ ನನ್ನ ಗಂಡನ ಮೂರನೆಯ ವರ್ಷದ ಸ್ಮರಣೆಯ ಪುಟವಿದೆ.

“ಆ ಮಾತು ಮತ್ತ ಮತ್ತ ಕೇಳೂದು ನಿಮಗ ಬೇಕೇನ ಅತ್ತಿ?” ಎಂದು ಮೊನ್ನೆ, ‘ದಿವಂಗತ’ ಎನ್ನದೆಯೇ, ಕೇಳಿದೆ.

“ಕೇಳಾಕ ಯಾರಿಗೆ ಬೇಕಾಗೇತಿ?” ಎಂದರು. “ಆದ್ರ ತಪ್ಪ ಕೇಳಬಾರದವಾ. ಸತ್ತಾನ ಅಂದ್ರ ಇದ್ದ ಅಂತಾದ್ರೂ ಆಗತೈತಿ.”

ನನ್ನ ಒತ್ತಾಯ ಇಷ್ಟೆ. ಬೀಗ ತೆಗೆಯಿರಿ. ಎಣಿಕೆಯನ್ನು ಸ್ವೀಕರಿಸಿ. ಆ ಇಪ್ಪತ್ತಮೂರು ಸಾಲನ್ನು, ಹೊಸ ಆವೃತ್ತಿ ಹೊರಡುವ ಮೊದಲು, ಮನುಷ್ಯರೊಬ್ಬರು ಓದಲಿ. ಬೇಡವೆನಿಸಿದರೆ ಬೇಡವೆನ್ನಿ, ಯಾಕೆಂದು ಹೇಳಿ. ನಾನು ಮತ್ತೆ ತಿದ್ದುತ್ತೇನೆ. ನನಗೆ ಬಾಯಿಬಿಟ್ಟು ಆಡಲಾಗದ ಒಂದು ಮಾತನ್ನು ಯಂತ್ರಕ್ಕೆ ಕಲಿಸಿದ್ದೇನೆ, ಅದನ್ನು ಮರೆಸಬೇಡಿ. ಒಪ್ಪುವ ಮುನ್ನ ಈ ಪತ್ರವನ್ನು ನಿಮ್ಮದೇ ತಂತ್ರಾಂಶದಿಂದ ಒಮ್ಮೆ ಓದಿಸಿ ಕೇಳಿ. ಕೊನೆಯ ಎರಡು ಸಾಲು ಬಂದಾಗ ಕಿವಿಗೊಡಿ. ಅಲ್ಲಿ ದಿನಾಂಕ ಒಂದೇ ಇದೆ.

ಇಂತಿ, ಇನ್ನೂ ಚಟುವಟಿಕೆಯಲ್ಲಿರುವ
ಮಾಧುರಿ, ದಿ. ಶಶಿಕಾಂತ ಅವರ ಹೆಂಡತಿ
ಮುಲುಂಡ್, ದಿ. 14 ಜೂನ್