ಬೆರಳಲ್ಲಿ ಗೆರೆಯಿಲ್ಲದ ಅಜ್ಜಿಗೆ ಶಿಶುವಿಹಾರದಲ್ಲಿ ಪಾಳಿಯಿಲ್ಲವೇ?

ರಾಜ್ಯದ ಬೆರಳಚ್ಚು ಪರಿಶೀಲನಾ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ, ನನ್ನ ಹತ್ತು ಬೆರಳುಗಳನ್ನೂ ನಿಮ್ಮ ಕಚೇರಿ ಎರಡು ಸಲ ತಿರಸ್ಕರಿಸಿದೆ. ಕಾರಣವಾಗಿ ಬಂದದ್ದು ಒಂದೇ ಸಾಲು: 'ಗೆರೆಗಳು ಸ್ಪಷ್ಟವಾಗಿಲ್ಲ.' ಆ ಒಂದು ಸಾಲಿನ ದೆಸೆಯಿಂದ ನಾಲ್ಕು ವರ್ಷದ ನನ್ನ ಮೊಮ್ಮಗಳು ಜೂನಿ ಈ ತಿಂಗಳ ಕೊನೆಗೆ ತನ್ನ ಶಿಶುವಿಹಾರವನ್ನು ಬಿಡಬೇಕಾಗಿದೆ. ನಿಮಗೆ ನೇರವಾಗಿ ಬರೆದ ಮನವಿಗೆ ಉತ್ತರ ಬರಲಿಲ್ಲ. ಹಾಗಾಗಿ ನಮ್ಮ ಕೊಲ್ಲಿಯ ವಾರಪತ್ರಿಕೆಯಲ್ಲಿ, ಊರವರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಇದನ್ನು ಊರ ಮುಂದೆ ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಾಗುತ್ತದೆ. ನಾಚಿಕೆ ನನಗಾಗಬೇಕೋ ನಿಮಗಾಗಬೇಕೋ ಎಂಬುದು ಬೇರೆ ಮಾತು. ಸದ್ಯಕ್ಕೆ ಅದು ನನ್ನ ಪಾಲಿಗೆ ಬಂದಿದೆ.

ನೀವಿರುವ ರಾಜಧಾನಿಯಲ್ಲಿ ಮಗುವನ್ನು ಶಾಲೆಯ ಬಾಗಿಲಲ್ಲಿ ಬಿಟ್ಟು, ಕಾರು ತಿರುಗಿಸಿಕೊಂಡು ಹೋಗುವ ರೂಢಿ ಇರಬಹುದು. ನಮ್ಮದು ಸಹಕಾರಿ ಶಿಶುವಿಹಾರ. ಸಂಬಳ ಪಡೆಯುವವರು ರೋವೀನಾ ಟೀಚರ್ ಒಬ್ಬರೇ. ಮಿಕ್ಕ ಕೆಲಸವೆಲ್ಲ ಮಕ್ಕಳ ಮನೆಯವರದು. ಪ್ರತಿಯೊಂದು ಮನೆಯಿಂದಲೂ ವಾರಕ್ಕೊಂದು ಬೆಳಿಗ್ಗೆ ಒಬ್ಬ ದೊಡ್ಡವರು ಬಂದು ಮೂಗು ಒರೆಸಬೇಕು, ಜಗಳ ಬಿಡಿಸಬೇಕು, ನೆಲಕ್ಕೆ ಚೆಲ್ಲಿದ ಬಣ್ಣ ತೊಳೆಯಬೇಕು, ಎಲ್ಲ ಮಕ್ಕಳಿಗೂ ತಿಂಡಿ ತರಬೇಕು. ಯಾರ ಮನೆಯ ಪಾಳಿಯೋ ಆ ಮಗುವೇ ಅಂದು ತಿಂಡಿಯ ಗಂಟೆ ಬಾರಿಸುವುದು. ಆ ಒಂದು ಬೆಳಿಗ್ಗೆ ಆ ಮಗುವಿಗೆ ಸಿಗುವ ಗತ್ತನ್ನು ನೀವು ನೋಡಬೇಕು, ನಿಮ್ಮ ಕುರ್ಚಿಯಲ್ಲೂ ಅಷ್ಟಿರಲಾರದು. ಹೋದ ವರ್ಷ ಈ ಪಾಳಿಯನ್ನು ನನ್ನ ಮಗಳು ಸೆಲ್ಮಾ ಮಾಡುತ್ತಿದ್ದಳು. ಈಗ ಅವಳು ಅಲಾಸ್ಕದ ಕಡಲಲ್ಲಿ, ಮೀನು ಹಸನು ಮಾಡುವ ಹಡಗಿನಲ್ಲಿದ್ದಾಳೆ. ಹಂಗಾಮು ಮುಗಿಯುವವರೆಗೆ ಬರುವ ಹಾಗಿಲ್ಲ. ಜೂನಿಯ ಅಪ್ಪನ ವಿಷಯ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ. ಉಳಿದವಳು ನಾನು.

ಮಕ್ಕಳ ನಡುವೆ ಓಡಾಡುವವರು ಎಂಥವರು ಎಂದು ಸರ್ಕಾರ ವಿಚಾರಿಸಬೇಕು, ಅದರಲ್ಲಿ ನನಗೆ ತಕರಾರಿಲ್ಲ. ವಿಚಾರಿಸದಿದ್ದರೆ ನಾನೇ ಗಲಾಟೆ ಮಾಡುತ್ತಿದ್ದೆ. ಆದ್ದರಿಂದ ಹೇಳಿದ ದಿನ, ಒಳ್ಳೆಯ ಕೋಟು ಹಾಕಿಕೊಂಡು, ಬೆರಳು ಕೊಡಲು ಹೋದೆ. ಕೌಂಟರಿನಲ್ಲಿದ್ದ ಹುಡುಗ ನನ್ನ ಒಂದೊಂದೇ ಬೆರಳನ್ನು ಹಿಡಿದು ಗಾಜಿನ ಮೇಲೆ ಹೊರಳಿಸಿದ, ಕಂಪ್ಯೂಟರಿನ ಪರದೆ ನೋಡಿದ, ತಲೆ ಕೆರೆದುಕೊಂಡ.

"ಇನ್ನೊಂದ್ ಸಲ ಒತ್ತಿ ಮೇಡಂ. ಸ್ವಲ್ಪ ಗಟ್ಟಿಯಾಗಿ."

"ಇನ್ನೆಷ್ಟು ಗಟ್ಟಿಯಾಗಿ ಒತ್ತಲಪ್ಪಾ? ನಿನ್ ಗಾಜೇ ಒಡೆದೋಗತ್ತೆ."

"ಏನ್ ಕೆಲ್ಸ ಮಾಡ್ತೀರ?"

"ಕಡಲ ಸಿಂಪಿ, ಚಿಪ್ಪು ಬಿಡಿಸ್ತೀನಿ. ಹತ್ತೊಂಬತ್ತನೇ ವಯಸ್ಸಿಂದ."

"ಅದಕ್ಕೇ ಮತ್ತೆ! ಚಿಪ್ಪು ತಾಗಿ ತಾಗಿ ಎಲ್ಲಾ ಸವೆದೋಗಿದೆ. ಒಂದೆರಡ್ ತಿಂಗ್ಳು ಕೆಲ್ಸ ಬಿಟ್ಬಿಡಿ, ಗೆರೆ ಮತ್ತೆ ಹುಟ್ಕೊಳತ್ತೆ."

"ಅಲ್ಲೀವರ್ಗೂ ನಿಮ್ಮನೇಗೆ ಊಟಕ್ಕೆ ಬರ್ಲಾ?"

ಸಾಲಿನಲ್ಲಿ ನಿಂತವರು ನಕ್ಕರು. ನಾನೂ ನಕ್ಕೆ. ಹುಡುಗನದೇನೂ ತಪ್ಪಿಲ್ಲ, ಒಳ್ಳೆಯ ಮಾತಿನಲ್ಲೇ ಹೇಳಿದ. ಆದರೆ ಎಲ್ಲರೂ ನೋಡುತ್ತಿರುವಾಗ ನನ್ನ ಕೈ ಅವನ ಕೈಯಲ್ಲಿ ಹಾಗೆ ಬಿದ್ದುಕೊಂಡಿತ್ತಲ್ಲ, ಅದನ್ನು ಯಾವಾಗ ವಾಪಸು ತೆಗೆದುಕೊಂಡೇನೋ ಅನ್ನಿಸಿತು. ಸಿಂಪಿ ಬಿಡಿಸುವ ಶೆಡ್ಡಿನಲ್ಲಿ ಈ ಸುದ್ದಿ ಹೇಳಿದಾಗ, ನನ್ನ ಪಕ್ಕದ ಮೇಜಿನ ಓಪಲ್ ಬಿಡುವವಳೇ? "ಲೆಂಪಿ, ಬ್ಯಾಂಕ್ ದೋಚೋಕೆ ನಿನ್ನಂಥೋಳು ಸಿಗಲ್ಲ ಕಣೇ. ಬಾ, ಶನಿವಾರ ಹೋಗೋಣ," ಎಂದಳು. ಅವಳ ಬೆರಳುಗಳೂ ನನ್ನವುಗಳ ಹಾಗೆಯೇ ಇವೆ. ಅಲ್ಲಿ ಯಾರ ಬೆರಳಲ್ಲಿಯೂ ಗೆರೆಯಿಲ್ಲ. ಓಪಲ್ ಕೊಟ್ಟ ಮುಲಾಮು ಹಚ್ಚಿ, ಮನೆಯಲ್ಲಿದ್ದಷ್ಟು ಹೊತ್ತೂ ಹತ್ತಿಯ ಕೈಗವಸು ತೊಟ್ಟು, ಎರಡನೇ ಸಲ ಹೋಗಿ ಒತ್ತಿ ಬಂದೆ. ಮತ್ತೆ ಅದೇ ಸಾಲು ಬಂತು.

ಆದರೆ ಎರಡನೆಯ ಉತ್ತರ ಬರುವುದಕ್ಕೆ ಮುಂಚೆ ಒಂದು ಗುರುವಾರ ನಡೆದದ್ದನ್ನು ನೀವು ಕೇಳಬೇಕು. ಅರ್ಜಿ ವಿಚಾರಣೆಯಲ್ಲಿದ್ದರೆ ಪಾಳಿಗೆ ಬರಬಹುದೆಂದು ನಾವು ತಿಳಿದಿದ್ದೆವು. ತಪ್ಪು ತಿಳಿದಿದ್ದೆವು. ಸೇಬು ಹೆಚ್ಚಿಕೊಂಡು, ರೈ ಹಿಟ್ಟಿನ ಬಿಸ್ಕತ್ತು ಸುಟ್ಟುಕೊಂಡು ಹೋದೆ. ಜೂನಿ ಬೆಳಿಗ್ಗೆಯಿಂದಲೂ ಗಂಟೆಯನ್ನು ಕೈಬಿಟ್ಟಿರಲಿಲ್ಲ. ಅಷ್ಟರಲ್ಲಿ ಪರವಾನಗಿ ತಪಾಸಣೆಯ ಅಧಿಕಾರಿ ಬಂದರು. ಒಬ್ಬೊಬ್ಬರ ಕಾಗದ ನೋಡುತ್ತಾ ನನ್ನ ಹತ್ತಿರ ಬಂದರು.

"ಇವರದು ಇನ್ನೂ ಪಾಸಾಗಿಲ್ಲವಲ್ಲ," ಎಂದು ರೋವೀನಾಗೆ ಹೇಳಿದರು. ನನ್ನ ಕಡೆ ನೋಡಲಿಲ್ಲ. "ಈಗಲೇ ಹೊರಗೆ ಹೋಗ್ಬೇಕು. ಬೇಲಿಯಿಂದ ಆಚೆ."

ರೋವೀನಾರ ಮುಖ ಕೆಂಪಾಯಿತು. "ಲೆಂಪಿ, ದಯವಿಟ್ಟು... ಐದ್ ನಿಮಿಷ ಹೊರಗಿರಿ, ನಾನ್ ಮಾತಾಡ್ತೀನಿ," ಎಂದರು.

ನಾನು ಕೋಟು ಹುಡುಕುತ್ತಿದ್ದಾಗ ಆಟೋ ಎನ್ನುವ ಪುಟ್ಟ ಹುಡುಗ, ಬಾಯಿ ತುಂಬ ಸೇಬು ಇಟ್ಟುಕೊಂಡೇ, "ಜೂನಿ ಅಜ್ಜಿ ಕಳ್ಳೀನಾ?" ಎಂದು ಕೇಳಿದ. ಅವನ ಅಮ್ಮ, ನಮ್ಮ ಪೋಷಕರ ಸಂಘದ ಅಧ್ಯಕ್ಷೆ ಕಾರಿನ್, "ಶ್! ಹಂಗೆಲ್ಲ ಕೇಳ್ಬಾರ್ದು," ಎಂದಳು. ಅಲ್ಲ ಎಂದು ಹೇಳಲಿಲ್ಲ, ಮಾನ್ಯರೇ. ಅವಳು ಕೆಟ್ಟವಳಲ್ಲ, ಆ ಗಡಿಬಿಡಿಯಲ್ಲಿ ಅಲ್ಲ ಎನ್ನಲು ಹೊಳೆಯಲಿಲ್ಲ, ಅಷ್ಟೆ. ಅಂದು ಗಂಟೆಯನ್ನು ಬೇರೆ ಮಗು ಬಾರಿಸಿತು.

ನಾನು ಬೇಲಿಯಾಚೆ ನಿಂತೆ. ನಾನೇನೂ ತಪ್ಪು ಮಾಡಿರಲಿಲ್ಲ. ಆದರೂ ಮಾಡಿದವಳ ಹಾಗೆ ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡೆ. ಅಂದಿನಿಂದ ಜೂನಿಯನ್ನು ಬಿಡಲು ಹೋದಾಗಲೆಲ್ಲ ಹಾಗೆಯೇ ನಿಲ್ಲುತ್ತೇನೆ. ಬಿಸಿಲಿದ್ದರೂ ಕೋಟು ಬಿಡುವುದಿಲ್ಲ. ಬೇರೆಯವರು ಮಕ್ಕಳ ಟೋಪಿ ಸರಿಮಾಡುತ್ತಾರೆ, ಕೈ ಬೀಸುತ್ತಾರೆ. ನಾನು ಗದ್ದ ಅಲ್ಲಾಡಿಸಿ ಬರುತ್ತೇನೆ. ಮೈಯಲ್ಲಿ ಇಷ್ಟೊಂದು ನಾಚಿಕೆ ಹಿಡಿಸುತ್ತದೆಂದು ಅರವತ್ತು ದಾಟುವವರೆಗೂ ನನಗೆ ಗೊತ್ತಿರಲಿಲ್ಲ.

ಸಂಘದವರು ಕೈಲಾದಷ್ಟು ಮಾಡಿದ್ದಾರೆ. ಕಾರಿನ್‌ಳ ಗಂಡ ಡ್ಯಾರೆಲ್ ತನ್ನ ಪಾಳಿಯ ಜೊತೆಗೆ ನನ್ನ ಗುರುವಾರವನ್ನೂ ಹೊತ್ತುಕೊಂಡ. ಆದರೆ ಅವನಿಗೂ ಕೆಲಸವಿದೆ, ಎಷ್ಟು ದಿನ ಹೊತ್ತಾನು? ಕೊನೆಗೆ ಸಭೆ ಕರೆದರು. "ನಾನು ಮನೇಲಿ ಏಪ್ರನ್ನುಗಳನ್ನ ಒಗೆದುಕೊಡ್ತೀನಿ, ಬೇಲಿಗೆ ಬಣ್ಣ ಹಚ್ತೀನಿ, ಹೊರಗಿನ ಕೆಲ್ಸ ಏನಿದ್ರೂ ಹೇಳಿ," ಎಂದು ಬೇಡಿಕೊಂಡೆ.

"ಅದಲ್ಲ ಲೆಂಪಿ," ಎಂದಳು ಕಾರಿನ್. "ಒಳಗಡೆ ಜನ ಬೇಕು. ಇಷ್ಟು ಮಕ್ಕಳಿಗೆ ಇಷ್ಟು ದೊಡ್ಡವರು ಇರ್ಲೇಬೇಕು ಅಂತ ಕಾನೂನಿದೆ. ಒಬ್ರು ಕಮ್ಮಿ ಆದ್ರೆ ಅವತ್ತು ಬಾಗಿಲೇ ತೆಗೆಯೋ ಹಂಗಿಲ್ಲ. ನಂಗೂ ಹೊಟ್ಟೆ ಉರಿಯತ್ತೆ, ಏನ್ ಮಾಡ್ಲಿ ಹೇಳಿ."

ಪಾಳಿ ಮಾಡದ ಮನೆಯ ಮಗುವಿಗೆ ಜಾಗವಿಲ್ಲ ಎಂಬುದು ನಾವೇ ಒಪ್ಪಿಕೊಂಡ ನಿಯಮ. ಎಲ್ಲರೂ ಕೈ ಹಾಕಿದರೆ ತಾನೇ ಸಹಕಾರಿ? ತಿಂಗಳ ಕೊನೆಯವರೆಗೆ ಗಡುವು ಕೊಟ್ಟರು. ಆಮೇಲೆ ಒಬ್ಬೊಬ್ಬರೇ ಬಂದು ನನ್ನ ಭುಜ ತಟ್ಟಿದರು. ಅವರು ಬೈದಿದ್ದರೆ ಇದಕ್ಕಿಂತ ವಾಸಿಯಿತ್ತು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಬೆರಳು ಎರಡು ಸಲ ಓದಲಾಗದಿದ್ದರೆ, ಹೆಸರು ಮತ್ತು ಹಿಂದಿನ ದಾಖಲೆಗಳನ್ನು ನೋಡಿಯೇ ಒಪ್ಪಿಗೆ ಕೊಡಬಹುದೆಂದು ನಿಮ್ಮದೇ ನಿಯಮಾವಳಿ ಹೇಳುತ್ತದೆ. ಅದಕ್ಕೆ ಬೇಕಾದದ್ದು ನಿಮ್ಮದೊಂದು ಸಹಿ. ಮನವಿ ನಿಮ್ಮ ಮೇಜಿಗೆ ಬಂದು ಕೂತು ಕಾಲವಾಯಿತು. ಫೋನು ಮಾಡಿದರೆ ಒಮ್ಮೆ "ಸಾಹೇಬ್ರು ರಜೆ ಮೇಲಿದ್ದಾರೆ" ಎನ್ನುತ್ತಾರೆ, ಇನ್ನೊಮ್ಮೆ "ಸಾಹೇಬ್ರು ಮೀಟಿಂಗಲ್ಲಿದ್ದಾರೆ" ಎನ್ನುತ್ತಾರೆ, ಮಗದೊಮ್ಮೆ "ಮೂರನೇ ಸಲ ಬೆರಳು ಕೊಟ್ಟು ನೋಡಿ" ಎಂಬ ಸಲಹೆ ಸಿಗುತ್ತದೆ. ಎಂಥ ಉದಾರ ಮನಸ್ಸು! ಇರುವುದೇ ಹತ್ತು ಬೆರಳು, ಹೊಸದಾಗಿ ಎಲ್ಲಿಂದ ತರಲಿ?

ಇನ್ನೊಂದು ಸಂಗತಿ ನಿಮ್ಮ ಗಮನಕ್ಕಿರಲಿ. ಹೋದ ಚಳಿಗಾಲದಲ್ಲಿ ಇದೇ ರಾಜ್ಯ ನನ್ನನ್ನು ನ್ಯಾಯಾಲಯಕ್ಕೆ ಕರೆಸಿ ಜ್ಯೂರಿಯಲ್ಲಿ ಕೂರಿಸಿತ್ತು. ದೋಣಿ ಕದ್ದ ಒಬ್ಬಾತನ ಹಣೆಬರಹವನ್ನು ನಾವು ಕೆಲವು ಮಂದಿ ನಿರ್ಧರಿಸಿದೆವು. ಅಂದು ನನ್ನ ಬೆರಳನ್ನು ಯಾರೂ ಕೇಳಲಿಲ್ಲ. ನನ್ನ ಹೆಸರು ಸಾಕಾಗಿತ್ತು. ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸುವಷ್ಟು ನಂಬಿಕಸ್ಥೆಯಾದ ನಾನು, ಸೇಬು ಹೆಚ್ಚಿ ಕೊಡುವಷ್ಟು ನಂಬಿಕಸ್ಥೆಯಲ್ಲ ಎಂದರೆ ಯಾವ ಲೆಕ್ಕ?

ಇಷ್ಟೇ ಆಗಿದ್ದರೆ ನಾನು ಬಹುಶಃ ಬಾಯಿಮುಚ್ಚಿಕೊಂಡು ಇನ್ನೊಂದು ಅರ್ಜಿ ಬರೆಯುತ್ತಿದ್ದೆ. ಆದರೆ ಮೊನ್ನೆ ಗುರುವಾರ ಜೂನಿಯನ್ನು ಕರೆತರಲು ಹೋದಾಗ ರೋವೀನಾ ಟೀಚರ್ ಗೇಟಿನಲ್ಲೇ ಕಾಯುತ್ತಿದ್ದರು. ಕಣ್ಣು ಊದಿಕೊಂಡಿತ್ತು. ಪಕ್ಕದಲ್ಲಿ ನಿಂತಿದ್ದ ಜೂನಿಯ ಬಲಗೈಯ ಬೆರಳುಗಳಿಗೆಲ್ಲ ಪಟ್ಟಿ ಸುತ್ತಿತ್ತು. ಶಿಶುವಿಹಾರದಲ್ಲಿ ಮಕ್ಕಳಿಗೆಂದೇ ಒಂದು ಪುಟ್ಟ ಬಡಗಿ ಮೇಜಿದೆ. ಡ್ಯಾರೆಲ್ ಒಂದು ಮಗುವನ್ನು ಬಚ್ಚಲಿಗೆ ಕರೆದೊಯ್ದಿದ್ದ ಹೊತ್ತಿನಲ್ಲಿ ಇವಳು ಅಲ್ಲಿ ಮರ ನುಣುಪು ಮಾಡುವ ಉಪ್ಪುಕಾಗದ ತೆಗೆದುಕೊಂಡು, ಬೆರಳ ತುದಿಗಳನ್ನು ಒಂದೊಂದಾಗಿ ಉಜ್ಜಿಕೊಂಡಿದ್ದಾಳೆ. ರಕ್ತ ಬಂದರೂ ಅಳಲಿಲ್ಲವಂತೆ.

"ಯಾಕೆ ಹಿಂಗ್ ಮಾಡ್ಕೊಂಡೆ ಪುಟ್ಟೀ?" ಎಂದು ಕೇಳಿದೆ.

"ನಂಗೂ ಗೆರೆ ಬೇಡ ಅಜ್ಜಿ. ಗೆರೆ ಹೋದ್ರೆ ನನ್ನೂ ಆಚೆ ಕಳಿಸ್ತಾರೆ. ಆಗ ನೀನ್ ಒಬ್ಬಳೇ ನಿಂತ್ಕೊಳಲ್ಲ."

ಜೂನಿಗೆ ನನ್ನ ಬೆರಳ ಬಗ್ಗೆ ಇಷ್ಟೂ ನಾಚಿಕೆಯಿರಲಿಲ್ಲ, ಮಾನ್ಯರೇ. ಜೇಬಿನೊಳಗೆ ಕೈ ಬಚ್ಚಿಟ್ಟು ನಿಲ್ಲುತ್ತಿದ್ದ ಅಜ್ಜಿಯನ್ನು ದಿನವೂ ನೋಡಿ, ಜೊತೆಗೆ ಯಾರಾದರೂ ಇರಬೇಕೆಂದು ಆ ಮಗು ತೀರ್ಮಾನಿಸಿತು. ನನ್ನ ಅವಮಾನವನ್ನು ಹೊರಲು ನಾಲ್ಕು ವರ್ಷದವಳು ಮುಂದೆ ಬಂದಳು. ಅದಕ್ಕಿಂತ ನಾಚಿಕೆಗೇಡು ನನಗೆ ಇನ್ನೊಂದಿಲ್ಲ. ನಿಮಗೆ ಇದೆಯೇ?

ನನ್ನ ಬೇಡಿಕೆ ದೊಡ್ಡದಲ್ಲ. ಕ್ಷಮೆ ಬೇಡ, ವಿಚಾರಣಾ ಸಮಿತಿ ಬೇಡ, ಎಲ್ಲಕ್ಕಿಂತ ಮುಖ್ಯವಾಗಿ ಮೂರನೆಯ ಸಲ ಬೆರಳು ಕೊಡುವ ಅವಕಾಶ ಬೇಡವೇ ಬೇಡ. ಮೇಜಿನ ಮೇಲಿರುವ ಮನವಿಗೆ ಈ ತಿಂಗಳು ಮುಗಿಯುವುದರೊಳಗೆ ಸಹಿ ಹಾಕಿ. ನನ್ನೊಬ್ಬಳದಕ್ಕೇ ಅಲ್ಲ, ಚಿಪ್ಪು ಬಿಡಿಸಿ, ಇಟ್ಟಿಗೆ ಹೊತ್ತು, ಪಾತ್ರೆ ತಿಕ್ಕಿ ಬೆರಳು ಸವೆಸಿಕೊಂಡ ಎಲ್ಲ ಅಪ್ಪ ಅಮ್ಮ ಅಜ್ಜ ಅಜ್ಜಿಯರದಕ್ಕೂ. ಸಹಿ ಹಾಕಲಾಗದಿದ್ದರೆ ಒಂದು ದಿನ ಬಿಡುವು ಮಾಡಿಕೊಂಡು ನಮ್ಮೂರಿಗೆ ಬನ್ನಿ. ಜೂನಿಯ ಎತ್ತರಕ್ಕೆ ಮಂಡಿಯೂರಿ ಕುಳಿತು, ಅವಳ ಕೈಯ ಪಟ್ಟಿ ನೀವೇ ಬಿಚ್ಚಿ, ಯಾಕೆ ಸಾಧ್ಯವಿಲ್ಲವೆಂದು ಅವಳಿಗೆ ಹೇಳಿ. ನನ್ನಿಂದ ಹೇಳಲಾಗುವುದಿಲ್ಲ.

ಇಂತಿ,
ನಿಮ್ಮ ಯಂತ್ರದ ಪಾಲಿಗೆ ಯಾರೂ ಅಲ್ಲದ,
ಲೆಂಪಿ ಹೌಟಾಲ
ಸಿಂಪಿ ಬಿಡಿಸುವವಳು, ಜೂನಿಯ ಅಜ್ಜಿ